ನ್ಯೂಜೆರ್ಸಿಯ ಬಣ್ಣ, ಡೊಂಬಿವಲಿಯ ಗೋಡೆ

ದಸರಾ ಮುಗಿದು ದೀಪಾವಳಿ ಬರುವುದರೊಳಗೆ ಡೊಂಬಿವಲಿಯಲ್ಲಿ ಸಿಗದಿರುವುದು ಎರಡು: ಬೆಳಗಿನ ಫಾಸ್ಟ್ ಲೋಕಲ್‌ನಲ್ಲಿ ಕಿಟಕಿ ಪಕ್ಕದ ಸೀಟು ಮತ್ತು ಬಣ್ಣ ಬಳಿಯುವವನು. ಮೊದಲನೆಯದು ವರ್ಷದ ಯಾವ ತಿಂಗಳಲ್ಲೂ ಸಿಗುವುದಿಲ್ಲವಾದ್ದರಿಂದ ಅದರ ಆಸೆಯನ್ನು ಎಲ್ಲರೂ ಬಿಟ್ಟಾಗಿದೆ. ಎರಡನೆಯವನಿಗೆ ಮಾತ್ರ ಈ ದಿನಗಳಲ್ಲಿ ಎಲ್ಲಿಲ್ಲದ ಬೇಡಿಕೆ. ಮಳೆ ನಿಂತಿರುತ್ತದೆ, ಅಕ್ಟೋಬರ್ ಬಿಸಿಲಿಗೆ ಗೋಡೆ ಆರಿರುತ್ತದೆ, ಹಬ್ಬದ ನೆಪವೂ ಇರುತ್ತದೆ. ಊರಿಗೆ ಊರೇ ಪಾಲಿಶ್ ಪೇಪರ್ ಹಿಡಿದು ಗೋಡೆ ತಿಕ್ಕತೊಡಗುತ್ತದೆ.

ಮೊದಲೆಲ್ಲ ಈ ಹುಕಿ ಮನೆಯಲ್ಲಿ ಇರುವವರಿಗೆ ಬರುತ್ತಿತ್ತು. ಈಗ ಮನೆಯಲ್ಲಿ ಇಲ್ಲದವರಿಗೆ ಬರುತ್ತದೆ. ನಮ್ಮ ಬಿಲ್ಡಿಂಗಿನಲ್ಲಿ ಪಕ್ಕದ ಮನೆಯ ಗೋಡೆಯ ಬಣ್ಣ ಮೆಲ್ಬರ್ನ್‌ನಲ್ಲಿ ನಿರ್ಧಾರವಾಗುತ್ತದೆ, ಕೆಳಗಿನ ಮನೆಯ ಲಾದಿ ದುಬೈಯಲ್ಲಿ, ನಮ್ಮದು ನ್ಯೂಜೆರ್ಸಿಯ ಎಡಿಸನ್‌ನಲ್ಲಿ. ಧೂಳು ಕುಡಿಯುವುದಕ್ಕೆ ಮಾತ್ರ ನಾವು ಇಲ್ಲಿದ್ದೇವೆ.

ನಾನು ಕುಮಟಾ ಕಡೆಯವ. ಮುಂಬಯಿಯ ಮಾಟುಂಗದಲ್ಲಿ ಮನೆ ಕೊಳ್ಳುವ ತಾಕತ್ತಿಲ್ಲದ ನನ್ನಂಥ ಕನ್ನಡಿಗ ಗುಮಾಸ್ತರೆಲ್ಲ ಒಂದು ಕಾಲಕ್ಕೆ ಸೆಂಟ್ರಲ್ ರೇಲ್ವೆಯ ಹಳಿ ಹಿಡಿದು, ಮುಲುಂಡ್, ಥಾಣೆ ದಾಟಿ, ದರ ಎಲ್ಲಿ ಕೈಗೆ ಎಟುಕಿತೋ ಅಲ್ಲಿ ಇಳಿದರು. ನನಗೆ ಎಟುಕಿದ್ದು ಡೊಂಬಿವಲಿ ಈಸ್ಟಿನಲ್ಲಿ. ಇನ್ನೆರಡು ಸ್ಟೇಷನ್ ತಡೆದುಕೊಂಡವರು ಕಲ್ಯಾಣಕ್ಕೆ ಹೋದರು. ಸಿಡ್ಕೋ ಲಾಟರಿಯಲ್ಲಿ ಹೆಸರು ಬಂದ ಪುಣ್ಯವಂತರು ಖಾಡಿ ದಾಟಿ ನೆರೂಳು, ವಾಶಿ ಸೇರಿ, ನಮ್ಮನ್ನು ಕಂಡಾಗಲೆಲ್ಲ 'ನಿಮ್ಮಲ್ಲಿ ನೀರು ಬರುತ್ತದೆಯೇ?' ಎಂದು ಕೇಳುವ ಅಧಿಕಾರ ಪಡೆದರು.

ಆಗ ಮನೆಗೆ ಬಣ್ಣ ಹಚ್ಚುವುದೆಂದರೆ ಎರಡು ರವಿವಾರದ ಕೆಲಸ. ಪುಡಿ ಡಿಸ್ಟೆಂಪರ್ ತಂದು ಬಕೆಟ್ಟಿನಲ್ಲಿ ಕಲಸುವುದು, ಹಳೇ ಲುಂಗಿಯನ್ನು ತಲೆಗೆ ಸುತ್ತಿಕೊಂಡು ಸ್ಟೂಲ್ ಹತ್ತುವುದು. ಶೇಡ್ ಕಾರ್ಡ್ ಅಂಗೈಯಗಲ ಇತ್ತು. ಅದರಲ್ಲಿದ್ದ ತಿಳಿ ಹಳದಿ, ತಿಳಿ ನೀಲಿ, ತಿಳಿ ಹಸಿರುಗಳನ್ನು ಸರದಿಯ ಮೇಲೆ ಹಚ್ಚುತ್ತಿದ್ದೆವು. ಬಣ್ಣದಂಗಡಿಯ ಬೋರ್ಡಿನ ಮೇಲೆ ಹಣೆಗೆ ಕೂದಲು ಇಳಿಬಿಟ್ಟ ಗಟ್ಟು ಎಂಬ ತುಂಟ ಹುಡುಗ ಬಣ್ಣ ಸುರಿಯುವ ಡಬ್ಬಿ ಹಿಡಿದು ನಿಂತಿರುತ್ತಿದ್ದ. 1942ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಏಶ್ಯನ್ ಪೇಂಟ್ಸ್ ಕಂಪನಿಗಾಗಿ 1954ರಲ್ಲಿ ಅವನನ್ನು ಬರೆದವರು ನಮ್ಮ ಮೈಸೂರಿನ ಆರ್. ಕೆ. ಲಕ್ಷ್ಮಣ್. ಮುಂಬಯಿಯ ಗೋಡೆಗೂ ಕನ್ನಡನಾಡಿಗೂ ಇರುವ ಸಂಬಂಧ ಇಷ್ಟು ಹಳೆಯದು ಎಂದು ನಾನು ಸ್ಟೂಲಿನ ಮೇಲಿಂದ ಹೇಳಿದರೆ, ಕೆಳಗೆ ಬಕೆಟ್ ಹಿಡಿದು ನಿಂತ ಹೆಂಡತಿ, "ಬ್ರಶ್ ಹಿಡಿಯಲಿಕ್ಕೆ ಹೇಳಿದರೆ ಇವರು ಇತಿಹಾಸ ಹಿಡಿತಾರೆ" ಎನ್ನುತ್ತಿದ್ದಳು. ಮಗ ಆಗ ಚಿಕ್ಕವ. ನೆಲಕ್ಕೆ ಹಾಸಿದ ಪೇಪರಿನ ಮೇಲೆ ಬಿದ್ದ ಹನಿಗಳಿಂದ ಚಿತ್ರ ಮಾಡುತ್ತಿದ್ದ. ಅದೇ ಮಗ ಈಗ ಎಡಿಸನ್ನಿನಲ್ಲಿ ಕೂತು, "ಅಪ್ಪಾ, ವಿಡಿಯೋ ಕಾಲಿನಲ್ಲಿ ನಿಮ್ಮ ಹಿಂದಿನ ಗೋಡೆ ಭಾಳ ಡಲ್ ಕಾಣ್ತದೆ" ಎಂದ.

ಡೊಂಬಿವಲಿಯವರಿಗೆ ಯಾರೂ ಬಣ್ಣದ ಕೊರತೆಯ ಮಾತು ಆಡಬಾರದು. 2014ರ ಜನವರಿಯಲ್ಲಿ ನಮ್ಮೂರಲ್ಲಿ ಹಸಿರು ಮಳೆ ಬಿತ್ತು. 2020ರ ಫೆಬ್ರವರಿಯಲ್ಲಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ರಸ್ತೆ ಗುಲಾಬಿಯಾಯಿತು. ಮುಖ್ಯಮಂತ್ರಿಗಳೇ ಬಂದು ನೋಡಿ ಹೋದರು. ರಾಸಾಯನಿಕ ಕಾರ್ಖಾನೆಗಳ ಕೃಪೆ. ಶೇಡ್ ಕಾರ್ಡ್ ನೋಡದೆ, ಕೊಟೇಶನ್ ಕರೆಯದೆ, ಆಕಾಶದಿಂದ ನೆಲದವರೆಗೆ ಬಣ್ಣ ಬಳಿಸಿಕೊಂಡ ಊರು ಇನ್ನೆಲ್ಲಿದೆ? ಇದನ್ನು ಮಗನಿಗೆ ಹೇಳಿದೆ. ಅವನು ನಗಲಿಲ್ಲ. "ಅದಕ್ಕೇ ಹೇಳೋದು ಅಪ್ಪಾ, ವಾಷೆಬಲ್ ಎಮಲ್ಶನ್ ಹಾಕಿಸುವಾ" ಎಂದ.

ಸೊಸೆ ಒಂದು 'ಮೂಡ್ ಬೋರ್ಡ್' ಕಳಿಸಿದಳು. ಅದರಲ್ಲಿ ಒಂದು ಕಲ್ಲು, ಒಂದು ಒಣ ಎಲೆ, ಗೋಣಿಯ ತುಂಡು ಮತ್ತು ಯಾವುದೋ ದೇಶದ ಬೆಕ್ಕು ಇದ್ದವು. ನಮ್ಮ ಹಾಲ್ ಹೀಗೆ ಅನಿಸಬೇಕಂತೆ. ಅಷ್ಟರಲ್ಲಿ ಅವರೇ ಗೊತ್ತುಮಾಡಿದ ಇಂಟೀರಿಯರಿನ ಹುಡುಗಿಯೊಬ್ಬಳು ಥಾಣೆಯ ಘೋಡ್‌ಬಂದರ್ ರೋಡಿನಿಂದ ಬಂದು, ಲೇಸರ್ ದೀಪ ಬಿಟ್ಟು ಮನೆ ಅಳೆದು, ವಾರದೊಳಗೆ 'ತ್ರೀಡಿ ವ್ಯೂ' ಕಳಿಸಿದಳು. ಎಷ್ಟು ಚಂದ ಅಂತೀರಿ! ಕಿಟಕಿಯ ಹೊರಗೆ ಎದುರಿನ ಬಿಲ್ಡಿಂಗಿನ ಒಣಹಾಕಿದ ಬಟ್ಟೆಗಳ ಬದಲು ಒಂದು ಸರೋವರ. ಫ್ಯಾನ್ ಇಲ್ಲ. ದೇವರ ಗೂಡಿಲ್ಲ. ಕಾಲನಿರ್ಣಯ ಕ್ಯಾಲೆಂಡರ್ ಇಲ್ಲ. ಸೋಫಾದ ಮೇಲೆ ಬಿಳೀ ಹೆಂಗಸೊಬ್ಬಳು ಪುಸ್ತಕ ಓದುತ್ತ ಕೂತಿದ್ದಳು. ನನ್ನ ಹೆಂಡತಿ ಬಹಳ ಹೊತ್ತು ಚಿತ್ರ ನೋಡಿ, "ಮನೆ ಚಂದ ಉಂಟು. ನಾವು ಎಲ್ಲಿಗೆ ಹೋದದ್ದು?" ಎಂದು ಕೇಳಿದಳು. ಆ ಹುಡುಗಿಯ ಫೀ ಕೇಳಿದ ಮೇಲೆ ನ್ಯೂಜೆರ್ಸಿಯೂ ತಣ್ಣಗಾಯಿತು. ಗೋಡೆಯ ಮಟ್ಟಿಗೆ ನಾವೇ ಮಾಡಿಸುವುದೆಂದು ಠರಾವಾಯಿತು.

'ನಾವೇ' ಎಂದರೆ ನಾನು. ಸೊಸೈಟಿಯ ಆಫೀಸಿಗೆ ಹೋಗಿ ಎನ್‌ಓಸಿಗೆ ಅರ್ಜಿ ಕೊಟ್ಟೆ. ಡಿಪಾಸಿಟ್ ಚೆಕ್ ಕೊಟ್ಟೆ. ಪುಟ್ಟಿಯ ಚೀಲ ಲಿಫ್ಟಿನಲ್ಲಿ ಒಯ್ಯುವುದಿಲ್ಲ, ಕೆರೆದ ಗಾರೆಯ ರಾಬಿಟ್ ಗೇಟಿನ ಹತ್ತಿರ ಸುರಿಯುವುದಿಲ್ಲ ಎಂದು ಬರೆದುಕೊಟ್ಟೆ. ಕೆಲಸ ಬೆಳಿಗ್ಗೆ 10ರಿಂದ ಸಂಜೆ 6ರವರೆಗೆ. ಮಧ್ಯಾಹ್ನ 2ರಿಂದ 4ರವರೆಗೆ ಮೊಳೆಯನ್ನೂ ಹೊಡೆಯುವಂತಿಲ್ಲ, ಅದು ಹಿರಿಯರ ವಾಮಕುಕ್ಷಿಯ ಹೊತ್ತು. ಈ ವೇಳಾಪಟ್ಟಿಯನ್ನು ನ್ಯೂಜೆರ್ಸಿಗೆ ಹೊಂದಿಸಿ ನೋಡಿದರೆ, ಕೆಲಸ ಶುರುವಾಗುವುದು ಅಲ್ಲಿಯ ರಾತ್ರಿ ಹನ್ನೆರಡೂವರೆಗೆ, ಮುಗಿಯುವುದು ಬೆಳಿಗ್ಗೆ ಎಂಟೂವರೆಗೆ. ಅಂದರೆ ಮನೆ ಬಣ್ಣ ಬದಲಿಸುವಷ್ಟು ಹೊತ್ತೂ ಬಣ್ಣ ಆರಿಸಿದವನು ನಿದ್ದೆಯಲ್ಲಿ. ಇದಕ್ಕೆ ಮಗ ಪರಿಹಾರ ಹುಡುಕಿದ. ಆನ್‌ಲೈನಿನಲ್ಲಿ ಒಂದು ಪುಟ್ಟ ವೈಫೈ ಕ್ಯಾಮೆರಾ ಕಳಿಸಿದ. ಫ್ರಿಜ್ಜಿನ ತಲೆಯ ಮೇಲೆ ಅದನ್ನು ಕೂರಿಸಿದೆವು. ನಿದ್ದೆ ಎಚ್ಚರಾದಾಗಲೆಲ್ಲ ಅವನು ಅದರಿಂದ ಇಣುಕುತ್ತಿದ್ದ.

ಠೇಕೇದಾರ ಬಿಹಾರದ ಕಡೆಯವ, ಎರಡು ದಶಕದಿಂದ ಡೊಂಬಿವಲಿಯಲ್ಲೇ ಇದ್ದಾನೆ. ಬಂದವನೇ ಟೇಪನ್ನು ಹೊರಗೆ ತೆಗೆಯದೆ, "ಕಾರ್ಪೆಟ್ ಏರಿಯಾ ಎಷ್ಟು ಅಂಕಲ್?" ಎಂದು ಕೇಳಿ, ಹೇಳಿದ್ದನ್ನು ಮೂರೂವರೆಯಿಂದ ಗುಣಿಸಿದ. ಅದು ಈ ಧಂದೆಯ ಲೆಕ್ಕ: ನೆಲದ ಅಳತೆಯ ಮೂರೂವರೆ ಪಟ್ಟು ಗೋಡೆ ಮತ್ತು ಸೀಲಿಂಗ್. ಬಿಲ್ಡರ್ ಮಾರುವಾಗ ಸೂಪರ್ ಬಿಲ್ಟ್‌ಅಪ್ ಎಂದು ಒಮ್ಮೆ ನಮ್ಮ ಮನೆಯನ್ನು ಹಿಗ್ಗಿಸಿದ್ದ, ಈಗ ಇವನು. ಇಷ್ಟು ದೊಡ್ಡ ಮನೆಯಲ್ಲಿ ಇದ್ದೂ ಮದುವೆಯಾದಾಗಿನಿಂದ ಒಂದು ಬೀರುವಿಗೆ ಜಾಗ ಹುಡುಕುತ್ತಿದ್ದೇವಲ್ಲ ಎಂದು ನಮಗೇ ಸೋಜಿಗ. ಕಿಟಕಿ ಬಾಗಿಲುಗಳ ಜಾಗವನ್ನು ಕಳೆಯಬೇಡವೇ ಎಂದರೆ, "ಕಿಟಕಿಯ ಅಂಚಿಗೇ ಜಾಸ್ತಿ ಮೆಹನತ್ತು ಅಂಕಲ್" ಎಂದ. ಅದೂ ಸುಳ್ಳಲ್ಲ.

ಪ್ರೈಮರಿನ ಡಬ್ಬಿ ಬಂತು. ಮುಚ್ಚಳ ಮೀಟಿದವನೇ ಅವನು ಪ್ರೈಮರ್ ನೋಡಲಿಲ್ಲ, ಟೋಕನ್ ಹುಡುಕಿದ. ಡಬ್ಬಿಯೊಳಗೆ, ಪುಟ್ಟಿಯ ಚೀಲದೊಳಗೆ ಪೇಂಟರುಗಳಿಗಾಗಿ ಕಂಪನಿಯವರು ಇಂಥ ಟೋಕನ್ ಹಾಕಿರುತ್ತಾರೆ. ಕೂಡಿಹಾಕಿದರೆ ದುಡ್ಡೋ ಬಕ್ಷೀಸೋ ಸಿಗುತ್ತದೆ. 'ಇದೇ ಕಂಪನಿಯದ್ದು ತಗೊಳ್ಳಿ, ಹತ್ತು ವರ್ಷ ನೋಡಬೇಕಿಲ್ಲ' ಎಂಬ ತಜ್ಞ ಸಲಹೆಯ ಮೂಲ ಎಲ್ಲಿದೆ ಎಂದು ನನಗೆ ಆಗ ತಿಳಿಯಿತು. ಆದರೆ ಕೆಲಸಗಾರ ಅಹುದು. ಪಾಲಿಶ್ ಪೇಪರ್ ತಿಕ್ಕಿದ ಮೇಲೆ ಕಣ್ಣು ಮುಚ್ಚಿ ಅಂಗೈಯನ್ನು ಗೋಡೆಯ ಮೇಲೆ ಮೆಲ್ಲಗೆ ಎಳೆಯುತ್ತಿದ್ದ. ಎಲ್ಲಿ ಕೈ ನಿಂತಿತೋ ಅಲ್ಲಿ ಪೆನ್ಸಿಲಿನಿಂದ ಒಂದು ಸೊನ್ನೆ ಬರೆದು, ಪಟ್ಟಿಯ ತುದಿಯಲ್ಲಿ ಉಗುರಿನಷ್ಟು ಪುಟ್ಟಿ ತೆಗೆದು ಆ ಸೊನ್ನೆಯನ್ನು ತುಂಬುತ್ತಿದ್ದ. ಲೇಸರಿಗೆ ಕಾಣದ ತಗ್ಗು ಅವನ ಕೈಗೆ ಕಾಣುತ್ತಿತ್ತು.

ಕೆಲಸ ಶುರುವಾದ ಮೇಲೆ ಎದುರಾದದ್ದು ಗಡಿ ಸಮಸ್ಯೆ. ನಮ್ಮ ಮಲಗುವ ಕೋಣೆಯ ಗೋಡೆಯ ಮೇಲೆ ಹಲವು ಮಳೆಗಾಲಗಳಿಂದ ಒಂದು ತೇವದ ಕಲೆ ಬೆಳೆದಿತ್ತು. ಬೀದರಿನಲ್ಲಿ ಚೂಪಾಗಿ ಶುರುವಾಗಿ, ಕರಾವಳಿಯ ಉದ್ದಕ್ಕೂ ಇಳಿದು, ಚಾಮರಾಜನಗರದಲ್ಲಿ ಮುಗಿಯುವ ಥೇಟು ಕರ್ನಾಟಕದ ನಕಾಶೆ. ಹೊರನಾಡಿನಲ್ಲಿ ಇದ್ದುಕೊಂಡು ಅದನ್ನು ಒರೆಸಿಹಾಕಲು ನನಗೂ ಮನಸ್ಸಿರಲಿಲ್ಲ. ತೊಂದರೆ ಎಂದರೆ, ಸರಿಯಾಗಿ ಬೆಳಗಾವಿ ಇರಬೇಕಾದ ಜಾಗದಲ್ಲಿ ಪುಟ್ಟಿ ನಿಲ್ಲುತ್ತಿರಲಿಲ್ಲ. ಗೋಡೆಯ ಆಚೆಗೆ ಇರುವುದು ಪಕ್ಕದ ಮನೆಯ ಕಾಕಾ ಅವರ ಬಾತ್‌ರೂಮು. ಕಾಕಾ ರೇಲ್ವೆಯಿಂದ ನಿವೃತ್ತರು, ಸಾತಾರಾ ಕಡೆಯವರು, ಸಜ್ಜನರು. ನೀರು ಅವರ ಕಡೆಯಿಂದ ಬರುತ್ತಿದೆ ಎಂದು ನಾನು. ಹೊರಗಿನ ಗೋಡೆಯ ಬಿರುಕಿನಿಂದ ಮಳೆನೀರು ಬರುತ್ತಿದೆ, ಆದ್ದರಿಂದ ಖರ್ಚು ಸೊಸೈಟಿಯದು ಎಂದು ಅವರು.

ಪ್ಲಂಬರನನ್ನು ಕರೆಸಿದ್ದಾಯಿತು. ಅವನು ಕಾಕಾ ಅವರ ಬಾತ್‌ರೂಮಿನ ನಹಾನಿ ಟ್ರ್ಯಾಪಿಗೆ ಬಟ್ಟೆ ತುರುಕಿ, ನೆಲದ ಮೇಲೆ ಎರಡು ಇಂಚು ನೀರು ನಿಲ್ಲಿಸಿ, ಅದರಲ್ಲಿ ಬಟ್ಟೆಗೆ ಹಾಕುವ ನೀಲಿಯನ್ನು ಸುರಿದು, "ನಾಳೆವರೆಗೆ ಸ್ನಾನ ಬಂದ್" ಎಂದು ಹೋದ. ಮಾರನೆಯ ದಿನ ನಮ್ಮ ಬೆಳಗಾವಿ ನೀಲಿಯಾಗಿತ್ತು. ಕಾಕಾ ಬಂದು ಕನ್ನಡಕ ಏರಿಸಿ ನೋಡಿದರು. "1967ರ ಮಹಾಜನ ವರದಿಯನ್ನೇ ನಾವು ಒಪ್ಪಲಿಲ್ಲ, ಈ ಪ್ಲಂಬರನ ವರದಿ ಒಪ್ಪುತ್ತೇವೆಯೇ?" ಎಂದು ಮರಾಠಿಯಲ್ಲಿ ಕೇಳಿದರು. 2004ರಿಂದ ಸುಪ್ರೀಂ ಕೋರ್ಟಿನಲ್ಲಿ ಇರುವ ಗಡಿ ದಾವೆಯ ಜೊತೆಗೆ ಇದನ್ನೂ ಸೇರಿಸಿಬಿಡೋಣ ಎಂದು ನಾನು. ಅಷ್ಟರಲ್ಲಿ ಅವರ ಹೆಂಡತಿ ಕಾಕೂ ಚಕ್ಕುಲಿ ತಂದರು, ನನ್ನ ಹೆಂಡತಿ ಚಹಾ ಇಟ್ಟಳು. ಎರಡು ಸರಕಾರಗಳಿಗೆ ಸಾಧ್ಯವಾಗದ್ದು ಎರಡು ಅಡುಗೆಮನೆಗಳಿಂದ ಸಾಧ್ಯವಾಗಿ, ಅರ್ಧರ್ಧ ಖರ್ಚಿನಲ್ಲಿ ಪೈಪು ಬದಲಾಯಿತು. ಕರ್ನಾಟಕ ಮೂರು ಹಾತ್ ಪ್ರೈಮರಿನಡಿ ಮುಳುಗಿತು.

ಇಷ್ಟು ಹೊತ್ತಿಗೆ ಬಣ್ಣ ಯಾವುದು ಎಂಬುದಿನ್ನೂ ತೀರ್ಮಾನವಾಗಿರಲಿಲ್ಲ. ಈಗ ಅಂಗಡಿಯಲ್ಲಿ ಸಿದ್ಧ ಬಣ್ಣ ಇರುವುದಿಲ್ಲ. ಬಿಳೀ ಬೇಸ್ ಇರುತ್ತದೆ, ಯಂತ್ರಕ್ಕೆ ಕೋಡ್ ಕೊಟ್ಟರೆ ಅದು ತೊಟ್ಟು ತೊಟ್ಟಾಗಿ ರಂಗು ಬಿಟ್ಟು, ಡಬ್ಬಿಯನ್ನು ಗಡಗಡ ಅಲುಗಾಡಿಸಿ ಕೊಡುತ್ತದೆ. ಸಾವಿರಾರು ಛಾಯೆಗಳು. ಸೊಸೆ ತನ್ನ ಫೋನಿನಲ್ಲಿ ನೋಡಿ ಒಂದು ಕೋಡ್ ಕಳಿಸಿದಳು. ಕಲ್ಯಾಣದ ಅಂಗಡಿಯಿಂದ ಸ್ಯಾಂಪಲ್ ತಂದು ಗೋಡೆಯ ಮೇಲೆ ಒಂದು ಮೊಳ ಹಚ್ಚಿಸಿದೆ. ಸಂಜೆ ಏಳಕ್ಕೆ ಕಾಲ್ ಬಂತು. ಮಗ, "ಇದು ಗ್ರೇ ಅಲ್ವಾ?" ಎಂದ. ಸೊಸೆಯ ಫೋನಿನಲ್ಲಿ ಅದು ತಿಳಿ ನೇರಳೆ. ನನ್ನ ಕಣ್ಣಿಗೆ ಸ್ಪಷ್ಟವಾಗಿ ಗುಲಾಬಿ. ಹೆಂಡತಿ ಹತ್ತಿರ ಹೋಗಿ ನೋಡಿ, "ಸೋಲ್ ಕಢಿ" ಎಂದಳು. ಠೇಕೇದಾರನಿಗೆ ನಾಲ್ಕರಲ್ಲಿ ಅರ್ಥವಾದದ್ದು ಅದೊಂದೇ.

ಯಾರದ್ದೂ ತಪ್ಪಲ್ಲ. ಮೊಬೈಲ್ ಕ್ಯಾಮೆರಾಕ್ಕೆ ಒಂದು ಚಾಳಿ ಉಂಟು. ಯಾವ ಬೆಳಕಿನಲ್ಲೂ ಬಿಳಿ ಬಿಳಿಯಾಗಿಯೇ ಕಾಣಲಿ ಎಂದು ಅದು ತಾನೇ ಬಣ್ಣ ತಿದ್ದುತ್ತದೆ. ಪರದೆಯ ತುಂಬ ಒಂದೇ ತಿಳಿಬಣ್ಣದ ಗೋಡೆ ಹಿಡಿದರೆ, ಇದು ಬಿಳಿಯೇ ಇರಬೇಕು, ಬೆಳಕೇ ಕೆಟ್ಟಿದೆ ಎಂದುಕೊಂಡು ಗೋಡೆಯ ಬಣ್ಣವನ್ನೇ ಅಳಿಸಿಬಿಡುತ್ತದೆ. ಮೇಲಿಂದ ನಮ್ಮ ಟ್ಯೂಬ್‌ಲೈಟಿನ ನೀಲಿ ಬೆಳಕು. ಹಸಿ ಎಮಲ್ಶನ್ ಬೇರೆ ಒಣಗಿದ ಮೇಲೆ ಒಂದು ಛಾಯೆ ಗಾಢವಾಗುತ್ತದೆ. ಹಗಲು ಬೆಳಕಿನಲ್ಲಿ ತೋರಿಸೋಣವೆಂದರೆ ನಮ್ಮ ಹಗಲಿನಲ್ಲಿ ಅವರಿಗೆ ನಿದ್ದೆ. ಕೊನೆಗೆ ಮಗ ಒಂದು ಉಪಾಯ ಹೇಳಿದ: ಗೋಡೆಯ ಪಕ್ಕ ಬಿಳೀ ಕಾಗದ ಹಿಡಿಯಬೇಕು, ಆಗ ಕ್ಯಾಮೆರಾಕ್ಕೆ ಬಿಳಿ ಯಾವುದು ಎಂದು ತಿಳಿಯುತ್ತದೆ. ಮುಂದೆ ಸಂಜೆ ಸಂಜೆ ನಾನು ಎ4 ಹಾಳೆಯನ್ನು ಎದೆಗೆ ಹಿಡಿದು ಗೋಡೆಗೆ ಒರಗಿ ನಿಲ್ಲತೊಡಗಿದೆ. ಪೊಲೀಸ್ ಠಾಣೆಯಲ್ಲಿ ಫೋಟೋ ತೆಗೆಯುವಾಗ ಹೀಗೇ ನಿಲ್ಲಿಸುತ್ತಾರೆ. ಅಂತೂ ಸೋಲ್ ಕಢಿಯೇ ಗೆದ್ದಿತು.

ಆಮೇಲೆ ವಾರ್ಲಿ. ಒಂದು ಗೋಡೆಯ ಮೇಲೆ 'ಲೋಕಲ್ ಟ್ರೈಬಲ್ ಆರ್ಟ್' ಬೇಕೆಂದು ಸೊಸೆ ಆನ್‌ಲೈನಿನಲ್ಲಿ ವಾರ್ಲಿ ಸ್ಟಿಕ್ಕರ್ ತರಿಸಿದಳು. ಲೋಕಲ್ ಎಂಬುದೇನೋ ನಿಜ. ವಾರ್ಲಿಗಳ ಡಹಾಣೂ 2014ರ ಆಗಸ್ಟ್‌ನಲ್ಲಿ ಪಾಲ್ಘರ್ ಬೇರೆ ಜಿಲ್ಲೆಯಾಗುವವರೆಗೆ ನಮ್ಮ ಥಾಣೆ ಜಿಲ್ಲೆಯಲ್ಲೇ ಇತ್ತು. ಮದುವೆಯ ಮನೆಯಲ್ಲಿ ಮುತ್ತೈದೆಯರು ಕೆಮ್ಮಣ್ಣಿನ ಗೋಡೆಗೆ ಅಕ್ಕಿಹಿಟ್ಟಿನಿಂದ ಬರೆಯುತ್ತಿದ್ದ ಚಿತ್ರವನ್ನು ಕಾಗದಕ್ಕೂ ಕ್ಯಾನ್ವಾಸಿಗೂ ತಂದು ಲೋಕಕ್ಕೆ ತೋರಿಸಿದ ಜಿವ್ಯಾ ಸೋಮಾ ಮ್ಹಸೆ ಅವರಿಗೆ 2011ರಲ್ಲಿ ಪದ್ಮಶ್ರೀ ಬಂತು. ಆದರೆ ನಮ್ಮ ಮನೆಗೆ ಬಂದ ಪೊಟ್ಟಣದಲ್ಲಿ ಕುಣಿಯುವವರ ಸಾಲಿನ ಕೊನೆಗೆ ಒಬ್ಬ ಗಿಟಾರ್ ಹಿಡಿದಿದ್ದ.

ನನ್ನ ಹೆಂಡತಿ ಸಾಗರದ ಕಡೆಯವಳು. ಸ್ಟಿಕ್ಕರನ್ನು ಕಂಡದ್ದೇ, "ಇದಕ್ಕೆ ದುಡ್ಡು ಕೊಟ್ಟರಾ? ನಮ್ಮೂರ ದೀವರ ಹೆಂಗಸರು ಹಸೆ ಚಿತ್ತಾರ ಬರೆಯುವುದನ್ನು ನೋಡುತ್ತ ಬೆಳೆದವಳು ನಾನು" ಎಂದಳು. ಕೆಮ್ಮಣ್ಣಿನ ಮೇಲೆ ಅಕ್ಕಿಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಬೀಜದ ಹಳದಿ, ಪುಂಡಿ ನಾರಿನ ಕುಂಚ. ಮದುವೆಗೆ ಹಸೆಗೋಡೆ, ಅದರಲ್ಲಿ ಗೆರೆ ಗೆರೆ ಸೇರಿ ಜಾಲ. ಡೊಂಬಿವಲಿಯಲ್ಲಿ ಪುಂಡಿ ನಾರು ಎಲ್ಲಿಂದ ಬರಬೇಕು? ದೇವರ ದೀಪದ ಹತ್ತಿಯನ್ನು ಊದುಬತ್ತಿಯ ಕಡ್ಡಿಗೆ ಬಿಗಿಯಾಗಿ ಸುತ್ತಿಕೊಂಡಳು. ಅಕ್ಕಿ ನೆನೆಸಿ ರುಬ್ಬಿದಳು. ಮಧ್ಯಾಹ್ನ ವಾಮಕುಕ್ಷಿಯ ಹೊತ್ತಿಗೆ, ಕ್ಯಾಮೆರಾದ ಕಣ್ಣು ತಲುಪದ ಅಡುಗೆಮನೆಯ ಒಳಗೋಡೆಗೆ ಹಳೇ ಇಟ್ಟಿಗೆ ಬಣ್ಣದ ಡಬ್ಬಿಯಲ್ಲಿ ಉಳಿದದ್ದನ್ನು ಠೇಕೇದಾರನ ಕೈಯಿಂದ ಬಳಿಸಿ, ಅದರ ಮೇಲೆ ಉಸಿರು ಹಿಡಿದು ಗೆರೆ ಎಳೆದಳು. ಸ್ಕೇಲ್ ಇಲ್ಲ, ದಾರ ಇಲ್ಲ. ಠೇಕೇದಾರ ಬೀಡಿ ಆರಿಸಿ ಬಂದು ಹಿಂದೆ ನಿಂತು ನೋಡುತ್ತಿದ್ದ. "ಆಂಟಿ, ಇದನ್ನೂ ಸ್ಕ್ವೇರ್ ಫೂಟಿನ ಲೆಕ್ಕದಲ್ಲೇ ಮಾಡುತ್ತಾರಾ?" ಎಂದು ಕೇಳಿದ. ಚಿತ್ತಾರ ಮೂರು ದಿನ ಬಹಳ ಚಂದವಿತ್ತು. ನಾಲ್ಕನೆಯ ದಿನದಿಂದ ಇರುವೆಗಳು ಗೆರೆಯ ಮೇಲೇ ಶಿಸ್ತಾಗಿ ಸಾಲುಗಟ್ಟಿ ಅಕ್ಕಿಹಿಟ್ಟನ್ನು ಹೊತ್ತೊಯ್ಯತೊಡಗಿದವು. ಬಿಳಿಯ ಜಾಲ ಇದ್ದಲ್ಲೆಲ್ಲ ಸ್ವಲ್ಪ ಕಾಲ ಅದೇ ನಕ್ಷೆಯ ಕಪ್ಪು ಜಾಲ ಹರಿದಾಡುತ್ತಿತ್ತು. ಅದೂ ಚಂದವೇ ಇತ್ತು.

ಉಲ್ಲಾಸನಗರದಿಂದ ಬಂದ ಸೋಫಾ ಮೆಟ್ಟಿಲಲ್ಲಿ ತಿರುಗದೆ, ಬಾಲ್ಕನಿಯ ಗ್ರಿಲ್ ಬಿಚ್ಚಿ, ಹಗ್ಗ ಕಟ್ಟಿ, ಬೀದಿಯವರೆಲ್ಲ 'ಆವಾಜ್' ಹಾಕಿ ಅದನ್ನು ಮೇಲೆಳೆದ ಕಥೆ ದೊಡ್ಡದು. ಅದು ಇಲ್ಲಿ ಬೇಡ. ದೀಪಾವಳಿ ಹತ್ತಿರ ಬಂತು. ದೀಪಾವಳಿಯ ಬೆನ್ನಿಗೇ ಛಠ್. ಆ ಹಬ್ಬಕ್ಕೆ ಬಿಹಾರದವರನ್ನು ಹಿಡಿದು ನಿಲ್ಲಿಸುವ ಶಕ್ತಿ ಯಾವ ಅಡ್ವಾನ್ಸಿಗೂ ಇಲ್ಲ. ಹಾಲ್ ಮುಗಿದಿತ್ತು, ಮಲಗುವ ಕೋಣೆ ಮುಕ್ಕಾಲು ಮುಗಿದಿತ್ತು, ಅಡುಗೆಮನೆ ಚಿತ್ತಾರದ ಗೋಡೆಯೊಂದನ್ನು ಬಿಟ್ಟರೆ ಪುಟ್ಟಿ ಮೆತ್ತಿಕೊಂಡು ನಿಂತಿತ್ತು. ಬ್ರಶ್‌ಗಳನ್ನು ನೀರಿನಲ್ಲಿ ಅದ್ದಿಟ್ಟು, "ಬಂದು ಮಾಡುತ್ತೇನೆ ಅಂಕಲ್" ಎಂದು ಕೈಮುಗಿದು ಅವನು ಕಲ್ಯಾಣದಲ್ಲಿ ರೈಲು ಹತ್ತಿದ.

ಅವನು ಹೋದ ಮೇಲೆ ಮನೆಯನ್ನು ನಿಧಾನವಾಗಿ ನೋಡಿದೆ. ಫ್ರಿಜ್ಜಿನ ಮೇಲಿನ ಕ್ಯಾಮೆರಾದಿಂದ ಕಾಣುವ ಗೋಡೆ ಗಾಜಿನಷ್ಟು ನುಣುಪು. ಅದರ ಕಣ್ಣಿಗೆ ಬೀಳದ, ಫ್ರಿಜ್ಜಿನ ಹಿಂದಿನ ಗೋಡೆಗೆ ಒಂದೇ ಹಾತ್, ಅದೂ ಅವಸರದ ಹಾತ್. ಎಲ್ಲಿಂದ ಎಲ್ಲಿಯವರೆಗೆ ಫ್ರೇಮು ಎಂದು ಅವನು ನಿಖರವಾಗಿ ಗುರುತು ಮಾಡಿಕೊಂಡಿದ್ದ. ನಾನು ಬೈಯಲು ಬಾಯಿ ತೆರೆದೆನಾದರೂ ಹೆಂಡತಿಯನ್ನು ನೋಡಿ ಸುಮ್ಮನಾದೆ. ಅವಳೂ ಕಾಲನಿರ್ಣಯವನ್ನು ಬಾಗಿಲ ಹಿಂದೆ, ಮಾವನವರ ಹಾರ ಹಾಕಿದ ಫೋಟೋವನ್ನು ಕ್ಯಾಮೆರಾದ ಎಡಗಡೆ, ಹಳೇ ಪ್ಲಾಸ್ಟಿಕ್ ಕುರ್ಚಿಗಳನ್ನು ಬಲಗಡೆ ಇಟ್ಟು, ನಡುವಿನ ಸೋಲ್ ಕಢಿ ಗೋಡೆಯ ಮುಂದೆ ಸೋಫಾದ ತುದಿಯಲ್ಲಿ ಕೂತು, "ಭಾಳ ಚಂದ ಆಯ್ತು ಮಗಾ" ಎಂದು ನ್ಯೂಜೆರ್ಸಿಗೆ ಹೇಳುತ್ತಿದ್ದಳು. ಕಾಲ್ ಮುಗಿದ ಕೂಡಲೆ ಎದ್ದು ಹೋಗಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಳು. ಆ ಸೋಫಾದಲ್ಲಿ ಕೂತರೆ ಅವಳಿಗೆ ಏಳಲಿಕ್ಕೆ ಆಗುವುದಿಲ್ಲ.

ಮುಂದಿನ ರವಿವಾರ ಬೆಳಿಗ್ಗೆ ಹತ್ತಕ್ಕೆ ಕಾಕಾ ಬಂದರು. ಇಸ್ತ್ರಿ ಮಾಡಿದ ಅಂಗಿ, ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಅವರ ಮನೆಯ ವಿಠ್ಠಲ ರುಕ್ಮಿಣಿಯ ಫೋಟೋ. ಮೆಲ್ಬರ್ನ್‌ನಲ್ಲಿ ಇರುವ ಮಗಳು ಮನೆಗೆ ಬಣ್ಣ ಹಚ್ಚಿಸಿ ಎಂದು ಗಣಪತಿ ಹಬ್ಬಕ್ಕೂ ಮುಂಚೆಯೇ ದುಡ್ಡು ಕಳಿಸಿದ್ದಳಂತೆ. ಈ ವಯಸ್ಸಿನಲ್ಲಿ ಧೂಳು ಯಾರಿಗೆ ಬೇಕೆಂದು ಕಾಕಾ ಅದನ್ನು ಹಿರಿಯ ನಾಗರಿಕರ ಬಡ್ಡಿ ದರದಲ್ಲಿ ಎಫ್‌ಡಿ ಇಟ್ಟುಬಿಟ್ಟಿದ್ದಾರೆ. ಈಗ ಅವಳು ಗೋಡೆ ನೋಡಬೇಕು ಎನ್ನುತ್ತಿದ್ದಾಳೆ. "ಐದೇ ನಿಮಿಷ" ಎನ್ನುತ್ತ, ನಮ್ಮ ಮೊಳೆಗೆ ತಮ್ಮ ವಿಠ್ಠಲನನ್ನು ತೂಗುಹಾಕಿ, ಕಿಟಕಿ ಬರದಂತೆ ಫೋನು ಓರೆ ಮಾಡಿ, ಸೋಫಾದಲ್ಲಿ ಕೂತರು. ಮಗಳಿಗೆ ಬಣ್ಣ ಬಹಳ ಹಿಡಿಸಿತು. "ಬಾಬಾ, ಗ್ರೇ ಛಾನ ಆಹೇ!" ಎಂಬ ಕೂಗು ಅಡುಗೆಮನೆಯಲ್ಲಿದ್ದ ನಮಗೂ ಕೇಳಿಸಿತು. ಕಾಕೂ ನನ್ನ ಹೆಂಡತಿಯ ಹತ್ತಿರ ನಿಂತು ಸೆರಗು ಬಾಯಿಗೆ ಹಿಡಿದಿದ್ದರು.

ಕಾಲ್ ಮುಗಿಸಿ ಕಾಕಾ ವಿಠ್ಠಲನನ್ನು ಕಂಕುಳಲ್ಲಿ ಇಟ್ಟುಕೊಂಡು ಒಳಗೆ ಬಂದರು. ಪುಟ್ಟಿ ಮೆತ್ತಿದ ಗೋಡೆಗಳನ್ನು, ಬಿಚ್ಚಿಟ್ಟ ಶೆಲ್ಫುಗಳನ್ನು, ಅಡುಗೆಕಟ್ಟೆಯ ಮೇಲಿನ ಸಿಮೆಂಟನ್ನು ನೋಡಿ ಅವರ ಮುಖ ಸಣ್ಣದಾಯಿತು. ಮುಂದಿನ ವಾರ ಮಗಳು ಅಡುಗೆಮನೆ ತೋರಿಸಿ ಎಂದಿದ್ದಾಳಂತೆ. ಠೇಕೇದಾರ ಛಠ್ ಮುಗಿಸಿ ಯಾವ ಗಾಡಿಗೆ ಬರುತ್ತಾನೆ ಎಂದು ಈಗ ನನಗಿಂತ ಕಾಕಾರಿಗೇ ಅವಸರ. ನಿನ್ನೆ ಅವನ ಫೋನ್ ನಂಬರ್ ಬರೆದುಕೊಂಡು ಹೋದರು.